ನಮ್ಮ ಅಂಚೆ ಕಚೇರಿಯ ಗೇಟಿಗೆ ತಿರುವಾಂಕೂರಿನ ಓಟಗಾರ ಯಾಕೆ?

ಮಾನ್ಯ ಸಂಪಾದಕರೇ,

ನಮ್ಮೂರಿನ ಹಳೆಯ ಅಂಚೆ ಕಚೇರಿಯ ಕಟ್ಟಡವನ್ನು ಸ್ಥಳೀಯ ಇತಿಹಾಸದ ಮ್ಯೂಸಿಯಂ ಮಾಡುತ್ತಾರೆಂಬ ವರದಿಯನ್ನು ತಮ್ಮ ಕಾಸರಗೋಡು ಪುಟದಲ್ಲಿ ಓದಿದೆ. ಯೋಜನೆಯ ಚಿತ್ರಗಳನ್ನು ಸಾರ್ವಜನಿಕರ ಸಲಹೆಗೆಂದು ವಾಚನಾಲಯದ ಗೋಡೆಗೆ ಹಚ್ಚಿದ್ದಾರೆಂದು ತಿಳಿದು ಹೋಗಿ ನೋಡಿಯೂ ಬಂದೆ. ಅಲ್ಲಿಟ್ಟ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಮೂರು ಸಾಲಿನ ಜಾಗವಿದೆ. ನನ್ನ ಮಾತು ಮೂರು ಸಾಲಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಈ ಪತ್ರ. ಉದ್ದವಾಯಿತೆಂದು ಕಂಡರೆ ಕತ್ತರಿಸಿ, ಆದರೆ ತಿರುವಾಂಕೂರು, ಕೊಚ್ಚಿಯವರ ಹಳೆಯ ಅಂಚೆಯಾದ ಅಂಚಲ್‌ನ ವಿಷಯ ಬರುವ ಭಾಗಕ್ಕೆ ದಯವಿಟ್ಟು ಕತ್ತರಿ ಹಾಕಬೇಡಿ.

ಆ ಕಟ್ಟಡದಲ್ಲಿ ಮೊದಲು ಗುಮಾಸ್ತೆಯಾಗಿ, ಕೊನೆಗೆ ಉಪ ಅಂಚೆಪಾಲಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ನಮ್ಮ ಕಡೆ ಮೇಜಿನ ಆಚೆ ಹೆಂಗಸು ಕುಳಿತಿದ್ದರೆ ಅವಳು ಎಲ್ಲರಿಗೂ ‘ಟೀಚರ್’. ಸ್ಟಾಂಪು ಕೇಳಲು ಬಂದವರೂ ಮನಿಯಾರ್ಡರು ಬರಲಿಲ್ಲವೆಂದು ಜಗಳಕ್ಕೆ ಬಂದವರೂ ನನ್ನನ್ನು ಟೀಚರ್ ಎಂದೇ ಕರೆದರು. ಪಾಠ ಮಾಡುವ ಅವಕಾಶ ಮಾತ್ರ ಈಗ ಸಿಕ್ಕಿದೆ. ಓದುಗರು ಸಹಿಸಿಕೊಳ್ಳಬೇಕು.

ಮ್ಯೂಸಿಯಂ ಆಗುವುದು ಸಂತೋಷದ ಸಂಗತಿ. ಹೆದ್ದಾರಿ ಆರು ಪಥವಾಗುವಾಗ ರಸ್ತೆ ಬದಿಯ ಹಳೆಯ ಅಂಗಡಿ, ಮರ, ಕಟ್ಟೆ ಎಷ್ಟೋ ಹೋದವು. ಸ್ವಲ್ಪ ಒಳಗಿದ್ದುದರಿಂದ ಈ ಕಟ್ಟಡ ಉಳಿಯಿತು. ಅಂಚೆ ಕಚೇರಿ ಬಾಡಿಗೆಯ ಕೋಣೆಗೆ ಹೋದ ಮೇಲೆ ಬೀಗ ಹಾಕಿಕೊಂಡೇ ಇದ್ದ ಕಟ್ಟಡಕ್ಕೆ ಯಾರಾದರೂ ಬಾಗಿಲು ತೆರೆಯುತ್ತಾರೆಂದರೆ ನನಗಿಂತ ಹೆಚ್ಚು ಖುಷಿಪಡುವವರು ಯಾರು? ಆದರೆ ಗೋಡೆಗೆ ಹಚ್ಚಿದ ಆ ಚಿತ್ರಗಳು!

ಗೇಟಿನೊಳಗೆ ಕಾಲಿಟ್ಟ ಕೂಡಲೇ ಆಳೆತ್ತರದ ಫೈಬರ್ ಪ್ರತಿಮೆ. ಮುಂಡು ಎತ್ತಿ ಕಟ್ಟಿದ ಓಟಗಾರ, ಹೆಗಲಲ್ಲಿ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಪಕ್ಕದಲ್ಲಿ ಶಂಖದ ಗುರುತಿನ ಹಸಿರು ಪೆಟ್ಟಿಗೆ. ಕೆಳಗೆ ‘ಅಂಚಲ್ ಓಟಗಾರ’ ಎಂಬ ಫಲಕ. ನೋಡಲು ಚಂದವೇ. ಆದರೆ ಈ ಮನುಷ್ಯ ನಮ್ಮ ಊರಿಗೆ ಯಾವತ್ತೂ ಟಪ್ಪಾಲು ತಂದವನಲ್ಲ.

ಅಂಚಲ್ ಎಂಬುದು ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳ ಸ್ವಂತ ಅಂಚೆ. ತಿರುವಾಂಕೂರಿನ ಶಂಖದ ಸ್ಟಾಂಪು 1888ರಲ್ಲಿ, ಕೊಚ್ಚಿಯ ಸ್ಟಾಂಪು 1892ರಲ್ಲಿ ಹೊರಬಂದವು. ಎರಡೂ ಅಂಚಲ್‌ಗಳು ಭಾರತೀಯ ಅಂಚೆಯಲ್ಲಿ ಸೇರಿಹೋದದ್ದು 1951ರಲ್ಲಿ. ಆ ಕಾಲದಲ್ಲೆಲ್ಲ ಕಾಸರಗೋಡು ಯಾವ ಮಹಾರಾಜರ ಕೈಕೆಳಗೂ ಇರಲಿಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ನಾವು ಕಂಪೆನಿಯವರ ಕೆನರಾದವರು. ಮುಂದೆ ಕೆನರಾ ಒಡೆದು, 1862ರಲ್ಲಿ ಉತ್ತರದ ಪಾಲು ಮುಂಬಯಿಗೆ ಹೋದಾಗಲೂ ದಕ್ಷಿಣ ಕೆನರಾ ಮದ್ರಾಸ್ ಪ್ರಾಂತ್ಯದಲ್ಲೇ ಉಳಿಯಿತು, ಅದರೊಳಗೆ ನಾವೂ ಉಳಿದೆವು. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆಯ ಕೇಂದ್ರವನ್ನು 1916ರಲ್ಲಿ ಆರಂಭಿಸಿದ್ದು ಮದ್ರಾಸ್ ಸರ್ಕಾರ. ಮಂಜೇಶ್ವರದ ಗೋವಿಂದ ಪೈಗಳನ್ನು 1949ರಲ್ಲಿ ರಾಷ್ಟ್ರಕವಿ ಎಂದು ಗೌರವಿಸಿದ್ದೂ ಮದ್ರಾಸ್ ಸರ್ಕಾರವೇ. ನಮ್ಮ ಕೌಂಟರಿನಲ್ಲಿ ಮಾರಿದ್ದು ಬ್ರಿಟಿಷ್ ರಾಣಿಯ, ರಾಜರ ತಲೆಯಿದ್ದ ಸ್ಟಾಂಪು. ಹೊರಗಿದ್ದದ್ದು ಕೆಂಪು ಪೆಟ್ಟಿಗೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರುವ ಹೊತ್ತಿಗೆ ಅಂಚಲ್ ಮುಗಿದು ಐದು ವರ್ಷ ಕಳೆದಿತ್ತು. ಕೇರಳಕ್ಕೆಂದು ಅಂಚೆ ಇಲಾಖೆಯ ಪ್ರತ್ಯೇಕ ವಿಭಾಗ, ಅಂದರೆ ಅಂಚೆ ವೃತ್ತ, ಬಂದದ್ದು 1961ರಲ್ಲಿ. ಹೀಗಿರುವಾಗ ಶಂಖದ ಪೆಟ್ಟಿಗೆ ಯಾವ ದಾರಿಯಿಂದ ಇಲ್ಲಿಗೆ ಬಂತು?

ದಾರಿ ಊಹಿಸಬಹುದು. ತೆಂಕಣ ಕೇರಳದ ಯಾವುದೋ ಮ್ಯೂಸಿಯಂಗೆ ಮಾಡಿದ ವಿನ್ಯಾಸವನ್ನು ಇಲ್ಲಿಗೂ ಹಚ್ಚಿದ್ದಾರೆ. ಅಲ್ಲಿ ಅದು ಸರಿ. ಅಂಚಲ್‌ನ ಚರಿತ್ರೆ ದೊಡ್ಡದು, ಗೌರವಿಸಬೇಕಾದದ್ದು. ಅದನ್ನು ಅದರ ಊರಿನಲ್ಲೇ ಗೌರವಿಸಲಿ.

ಈ ಮಾತನ್ನು ವಾಚನಾಲಯದಲ್ಲಿ ಆಡಿದಾಗ ಅಲ್ಲೇ ಇದ್ದ ಕನ್ನಡಾಭಿಮಾನಿಯೊಬ್ಬರಿಗೆ ಹುರುಪು ಬಂತು. “ಹಾಗಾದರೆ ಮೈಸೂರು ಅಂಚೆ ಶುರುಮಾಡಿದ ಚಿಕ್ಕದೇವರಾಜ ಒಡೆಯರ ಪ್ರತಿಮೆ ಇಡಿಸೋಣ ಟೀಚರ್, ಆ ಅಂಚೆ ನಮ್ಮದೇ ಅಲ್ಲವೇ?” ಎಂದರು. ಅಲ್ಲ. ಮೈಸೂರು ಅಂಚೆ ಮೈಸೂರು ಸಂಸ್ಥಾನದ್ದು. 1889ರಲ್ಲಿ ಅದನ್ನು ಬ್ರಿಟಿಷ್ ಇಂಡಿಯಾದ ಅಂಚೆಗೆ ಸೇರಿಸಿದರು. ಹೈದರ್ ಮತ್ತು ಟಿಪ್ಪು ಕರಾವಳಿಯನ್ನು ಆಳಿದ ಕೆಲವು ದಶಕಗಳ ಮಾತು ಬೇರೆ, ಅದಕ್ಕೂ ಈ ಮುರಕಲ್ಲಿನ ಕಟ್ಟಡಕ್ಕೂ ಸಂಬಂಧವಿಲ್ಲ. ತಿರುವಾಂಕೂರನ್ನು ಇಳಿಸಿ ಮೈಸೂರನ್ನು ಏರಿಸಿದರೆ ಒಂದು ಸುಳ್ಳಿನ ಜಾಗದಲ್ಲಿ ಇನ್ನೊಂದು ಸುಳ್ಳು ನಿಂತಂತಾಗುತ್ತದೆ. ಹೀಗೆಂದದ್ದಕ್ಕೆ ಅವರು ಬೇಸರಿಸಿಕೊಂಡು ಹೋದರು. ಇದನ್ನು ಓದಿದರೆ ಇನ್ನಷ್ಟು ಬೇಸರಿಸಿಕೊಳ್ಳುತ್ತಾರೆ, ಇರಲಿ.

ಓಟಗಾರರು ನಮ್ಮಲ್ಲಿ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಬ್ರಿಟಿಷ್ ಇಂಡಿಯಾದ ಟಪ್ಪಾಲನ್ನೂ ಬಹುಕಾಲ ಮನುಷ್ಯರೇ ಹೊತ್ತು ಓಡಿದರು, ಅವರ ಕೈಯಲ್ಲೂ ಗೆಜ್ಜೆ ಕಟ್ಟಿದ ಈಟಿಯಿತ್ತು. ಆದರೆ ಅವರ ದಾರಿ ನಮ್ಮದು. ಮಂಗಳೂರಿನಿಂದ ತೆಂಕಕ್ಕೆ ಹೊರಟರೆ ಮೊದಲು ನೇತ್ರಾವತಿ, ಅದು ಕಳೆದರೆ ಉಪ್ಪಳ ಹೊಳೆ, ಶಿರಿಯ ಹೊಳೆ, ಮೊಗ್ರಾಲ್ ಹೊಳೆ, ಆಮೇಲೆ ಚಂದ್ರಗಿರಿ. ಬೇಕಲ, ಹೊಸದುರ್ಗ, ನೀಲೇಶ್ವರ ದಾಟಿ ಕಣ್ಣೂರು ಮುಟ್ಟುವಷ್ಟರಲ್ಲಿ ಇನ್ನಷ್ಟು ಹೊಳೆಗಳು. ಹೊಳೆಗೊಂದು ಕಡವು, ಕಡವಿಗೊಂದು ದೋಣಿ. ಆಟಿ ತಿಂಗಳಲ್ಲಿ ಹೊಳೆ ತುಂಬಿ ಹರಿದರೆ ಗೆಜ್ಜೆಯ ಸದ್ದಿಗೆ ದೋಣಿ ಹೊರಡುವುದಿಲ್ಲ. ನೀರು ಇಳಿಯಬೇಕು, ದೋಣಿಯವನು ಮನಸ್ಸು ಮಾಡಬೇಕು. ಈ ಕರಾವಳಿಯ ಅಂಚೆಯ ಕಥೆಯಲ್ಲಿ ಓಡಿದವನಷ್ಟೇ ಹುಟ್ಟು ಹಾಕಿದವನೂ ಮುಖ್ಯ. ಅವನ ಪ್ರತಿಮೆ ಯಾವ ಊರಿನಲ್ಲೂ ಇಲ್ಲ. ರೈಲು ಮಂಗಳೂರನ್ನು ಮುಟ್ಟಿದ್ದು 1907ರಲ್ಲಿ. ಅಲ್ಲಿಂದ ಮುಂದೆ ಚೀಲಗಳು ಕಬ್ಬಿಣದ ಸೇತುವೆಗಳ ಮೇಲೆ, ರೈಲಿನ ಟಪ್ಪಾಲು ಡಬ್ಬಿಯಲ್ಲಿ, ದಾರಿಯಲ್ಲೇ ವಿಂಗಡಣೆಯಾಗುತ್ತ ಬಂದವು. ಸ್ಟೇಷನ್ನಿನಿಂದ ಕಚೇರಿಗೆ ಚೀಲ ತರುವುದು ಮಾತ್ರ ಮನುಷ್ಯನ ಹೆಗಲಿಗೆ ಉಳಿಯಿತು.

ಯೋಜನೆಯವರೇ, ಪ್ರತಿಮೆಯ ದುಡ್ಡಿನಲ್ಲಿ ಈ ಹೊಳೆಗಳನ್ನೂ ಕಡವುಗಳನ್ನೂ ರೈಲು ದಾರಿಯನ್ನೂ ತೋರಿಸುವ ಒಂದು ದೊಡ್ಡ ನಕ್ಷೆಯನ್ನು ಕಟ್ಟಡದ ಹಾಲ್‌ನ ಗೋಡೆಗೆ ಮಾಡಿಸಿ. ಶಾಲೆಯ ಮಕ್ಕಳು ಬಂದರೆ ತಮ್ಮ ಮನೆ ಯಾವ ಎರಡು ಹೊಳೆಗಳ ನಡುವೆ ಬರುತ್ತದೆಂದು ಬೆರಳಿಟ್ಟು ನೋಡುತ್ತಾರೆ. ಫೈಬರ್ ಮನುಷ್ಯನ ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಅದು ವಾಸಿ.

ಆ ನಕ್ಷೆಯ ಪಕ್ಕದಲ್ಲಿ ದರದ ವಿಷಯವನ್ನೂ ಬರೆಯಬಹುದು. 1854ಕ್ಕೆ ಮೊದಲು ಕಾಗದದ ಅಂಚೆ ದರ ದೂರಕ್ಕೆ ತಕ್ಕಂತೆ ಏರುತ್ತಿತ್ತು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಮೋಗ್ಲಿಂಗರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದು, ಮರುವರ್ಷ ಅದನ್ನು ಬಳ್ಳಾರಿಗೆ ಒಯ್ದು ‘ಕನ್ನಡ ಸಮಾಚಾರ’ ಮಾಡಿದ್ದು ಆ ಕಾಲದಲ್ಲಿ. ಪತ್ರಿಕೆಯವರಾದ ತಮಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. 1854ರ ಅಕ್ಟೋಬರ್ 1ರಿಂದ ಬ್ರಿಟಿಷ್ ಇಂಡಿಯಾದ ಯಾವ ಮೂಲೆಗೆ ಹೋದರೂ ಕಾಲು ತೊಲದ ಕಾಗದಕ್ಕೆ ಅರ್ಧ ಆಣೆ. ಕಾಲು ತೊಲವೆಂದರೆ ಸುಮಾರು ಮೂರು ಗ್ರಾಂ, ತೆಳ್ಳನೆಯ ಒಂದು ಹಾಳೆ. 1879ರಲ್ಲಿ ಕಾಲು ಆಣೆಯ ಕಾರ್ಡು ಬಂತು. ಕುಂಬಳೆಯಿಂದ ಕಲ್ಕತ್ತೆಗೆ ಕ್ಷೇಮ ಸಮಾಚಾರ ಬರೆಯುವುದು ಬಡವನ ಕೈಗೂ ಎಟುಕಿತು. ತೊಲದ ತೂಕದ ಕಲ್ಲುಗಳು, ಹಿತ್ತಾಳೆಯ ತಕ್ಕಡಿ, ಅರಗು ಕಾಯಿಸುವ ದೀಪ, ತಾರೀಕು ಮೊಹರು, ಇವನ್ನೆಲ್ಲ ಅಂಚೆ ಇಲಾಖೆಗೆ ಕ್ರಮವಾಗಿ ಬರೆದು ಕೇಳಿ ಪಡೆಯಬೇಕು. ಹರಾಜಿನಂಗಡಿಯಿಂದ ತರಬಾರದು. ತಾರೀಕು ಮೊಹರನ್ನು ಮನೆಗೆ ಕೊಂಡುಹೋಗುವ ಅಧಿಕಾರ ಯಾರಿಗೂ ಇರಲಿಲ್ಲ. ಯಾರಾದರೂ ಮ್ಯೂಸಿಯಂಗೆ ದಾನ ಕೊಡಲು ಮುಂದೆ ಬಂದರೆ ಹಾರ ಹಾಕುವ ಮೊದಲು ಅದು ಅವರಲ್ಲಿಗೆ ಹೇಗೆ ಬಂತೆಂದು ಕೇಳುವುದು ಒಳ್ಳೆಯದು.

ಇನ್ನು ನನಗೆ ನಿಜವಾಗಿ ಸಿಟ್ಟು ಬಂದ ವಿಷಯ. ಗೋಡೆಗೆ ಹಚ್ಚಿದ ಯೋಜನೆಯ ನಕ್ಷೆಯಲ್ಲಿ ಕೌಂಟರಿನ ಮೇಲೆ ಕೆಂಪು ಗೆರೆ ಎಳೆದಿದ್ದಾರೆ. ಹಾಲ್ ವಿಶಾಲವಾಗಲೆಂದು ಅದನ್ನು ಕೀಳುತ್ತಾರಂತೆ. ಆ ಜಾಗದಲ್ಲಿ ಗಾಜಿನ ಪೆಟ್ಟಿಗೆಗಳು: ಬೇಕಲ ಕೋಟೆಯ ಸಣ್ಣ ಮಾದರಿ, ತೆಯ್ಯಂನ ಕಿರೀಟ, ಸೇರು, ಕಳಸೆ, ತಾಮ್ರದ ಹಂಡೆ, ಗ್ರಾಮಫೋನು. ಹಂಡೆ ನಮ್ಮ ಮನೆಯಲ್ಲೂ ಇದೆ. ಕೋಟೆ ನೋಡಬೇಕಾದವರು ಬಸ್ಸು ಹತ್ತಿ ಬೇಕಲಕ್ಕೆ ಹೋದರೆ ಕೋಟೆಯೇ ಕಾಣುತ್ತದೆ. ಬೇರೆಲ್ಲೂ ಕಾಣಲಾಗದ ವಸ್ತು ಈ ಕಟ್ಟಡದಲ್ಲಿ ಒಂದೇ ಇದೆ, ಅದನ್ನೇ ಕೀಳುತ್ತಾರೆಂದರೆ!

ಆ ಕೌಂಟರ್ ಹಲಸಿನ ಮರದ್ದು. ಜನರ ಕೈತಾಗಿ ಅಂಚು ಸವೆದು ಉರುಟಾಗಿದೆ. ಸರಳುಗಳ ಕೆಳಗಿನ ಕಿಂಡಿಯಲ್ಲಿ ಒಂದು ಕೈ ಮಾತ್ರ ನುಸುಳುತ್ತದೆ. ಆ ಕಿಂಡಿಯಲ್ಲಿ ನಮ್ಮೂರಿನ ಅರ್ಧ ಇತಿಹಾಸ ಆಚೀಚೆ ಹೋಗಿದೆ ಎಂದರೆ ಹೆಚ್ಚಿನ ಮಾತಲ್ಲ. 1882ರಲ್ಲಿ ಶುರುವಾದ ಅಂಚೆ ಉಳಿತಾಯ ಬ್ಯಾಂಕಿನ ಪಾಸ್‌ಬುಕ್ಕು, ಬೀಡಿ ಕಟ್ಟುವ ಹೆಂಗಸರು ವಾರದ ಕೂಲಿಯಲ್ಲಿ ಉಳಿಸಿ ಕಟ್ಟುತ್ತಿದ್ದ ಆರ್.ಡಿ., ವರ್ಷಕ್ಕೊಮ್ಮೆ ರೇಡಿಯೊ ಲೈಸೆನ್ಸಿನ ಸ್ಟಾಂಪು, ಹಣ ಕೊಟ್ಟು ಬಿಡಿಸಿಕೊಳ್ಳುವ ವಿ.ಪಿ.ಯಲ್ಲಿ ಬಂದ ಪುಸ್ತಕ ಮತ್ತು ಮದ್ದು, ಹರೆಯದವರು ಉಸಿರು ಬಿಗಿಹಿಡಿದು ಕಾಯುತ್ತಿದ್ದ, ಸರ್ಕಾರಿ ಕೆಲಸಕ್ಕೆ ಆರಿಸುವ ಪಿ.ಎಸ್.ಸಿ.ಯ ಕಾಗದ. ಬ್ರಿಟಿಷರ ಕಾಲದಲ್ಲಿ ಅಂಚೆ ಕಚೇರಿಗಳ ಮೂಲಕ ಮಲೇರಿಯಾಕ್ಕೆ ಕ್ವಿನೈನ್ ಪೊಟ್ಟಣವನ್ನೂ ಮಾರುತ್ತಿದ್ದರೆಂದು ಈಗಿನ ಎಷ್ಟು ಮಂದಿಗೆ ಗೊತ್ತು?

ಎಲ್ಲಕ್ಕಿಂತ ದೊಡ್ಡದು ಮನಿಯಾರ್ಡರು. ಅಂಚೆ ಇಲಾಖೆ ಅದನ್ನು ಕೈಗೆತ್ತಿಕೊಂಡದ್ದು 1880ರಲ್ಲಿ. ಫಾರಂನ ತುದಿಯಲ್ಲಿ ಹರಿದು ಕೊಡುವ ಒಂದು ತುಂಡು ಇರುತ್ತಿತ್ತು, ಕೂಪನ್. ಹಣ ಕಳಿಸುವವನು ಅದರಲ್ಲಿ ನಾಲ್ಕು ಸಾಲು ಬರೆಯಬಹುದಿತ್ತು, ಅದಕ್ಕೆ ಬೇರೆ ಖರ್ಚಿಲ್ಲ. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಹುಡುಗರು ಆ ನಾಲ್ಕು ಸಾಲಿನಲ್ಲಿ ಊರಿನ ಸಂಸಾರ ನಡೆಸಿದರು. ಅಡಕೆಗೆ ಮದ್ದು ಬಿಡಿಸಲು ಸೇರಿಸಿ ಕಳಿಸಿದ್ದೇನೆ, ಮಳೆ ಜೋರಾಗುವ ಮೊದಲು ಬಿಡಿಸಿ. ತಂಗಿಯ ಫೀಸು ಕಟ್ಟಿ ಉಳಿದದ್ದು ಸೊಸೈಟಿ ಸಾಲಕ್ಕೆ. ಅಜ್ಜಿಯ ಕಣ್ಣು ತೋರಿಸಿ, ಇನ್ನು ಮುಂದೂಡಬೇಡಿ. ಹೆಸರು ಹೇಳದೆ ಇಷ್ಟು ಹೇಳಬಹುದೆಂದು ಭಾವಿಸಿದ್ದೇನೆ, ಯಾಕೆಂದರೆ ಇಂಥ ಸಾಲುಗಳು ಒಂದು ಮನೆಯವಲ್ಲ. ಓದಲು ಬಾರದ ತಾಯಂದಿರಿಗೆ ಪೋಸ್ಟ್‌ಮ್ಯಾನೇ ಜಗಲಿಯಲ್ಲಿ ಕುಳಿತು ಓದಿ ಹೇಳಬೇಕು. ಹೆಬ್ಬೆಟ್ಟು ಒತ್ತಿಸಿದರೆ ಪಕ್ಕದಲ್ಲಿ ಸಾಕ್ಷಿಯ ಸಹಿ ಬೇಕು. ಆ ಸಾಕ್ಷಿ ಯಾರೆಂದು ನೋಡಿದರೆ ಯಾವ ಮನೆಗೆ ಯಾವ ಮನೆ ಆಪ್ತವೆಂದು ತಿಳಿಯುತ್ತಿತ್ತು. ಸಹಿ ಮಾಡಿದ ರಶೀದಿ ಹಣ ಕಳಿಸಿದವನಿಗೆ ಹಿಂದಿರುಗುತ್ತಿತ್ತು. ಊರಲ್ಲಿ ಅಮ್ಮ ಇದ್ದಾಳೆ ಎಂಬುದಕ್ಕೆ ಎಷ್ಟೋ ಹುಡುಗರಿಗೆ ತಿಂಗಳಿಗೊಮ್ಮೆ ಸಿಗುತ್ತಿದ್ದ ದಾಖಲೆ ಅವಳ ಹೆಬ್ಬೆಟ್ಟು. ಆಮೇಲೆ ಕಂಪ್ಯೂಟರಿನ ಮನಿಯಾರ್ಡರು ಬಂತು. ನಾಲ್ಕು ಸಾಲಿನ ಜಾಗಕ್ಕೆ ಸಿದ್ಧ ವಾಕ್ಯಗಳ ಪಟ್ಟಿಯಿಂದ ಒಂದು ಸಂಖ್ಯೆ. ಹಣ ಬೇಗ ಮುಟ್ಟಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಡಕೆಗೆ ಮದ್ದು ಬಿಡಿಸಿ ಎನ್ನುವ ವಾಕ್ಯ ಆ ಪಟ್ಟಿಯಲ್ಲಿರಲಿಲ್ಲ.

ಮನಿಯಾರ್ಡರು ಬರೀ ಮಕ್ಕಳಿಂದ ಬಂದದ್ದಲ್ಲ. ಕೇರಳದಲ್ಲಿ 1980ರಲ್ಲಿ ಕೃಷಿ ಕಾರ್ಮಿಕರಿಗೆ ಪಿಂಚಣಿ ಬಂತು. ಅದೂ, ಆಮೇಲಿನ ವಿಧವಾ ಪಿಂಚಣಿ ಮೊದಲಾದವೂ ಬಹುಕಾಲ ಮನೆ ಬಾಗಿಲಿಗೆ ಮುಟ್ಟಿದ್ದು ಮನಿಯಾರ್ಡರಿನ ಮೂಲಕವೇ. ಓಣಂ ಹತ್ತಿರ ಬಂತೆಂದರೆ ಬಾಕಿಯೆಲ್ಲ ಒಟ್ಟಿಗೆ ಬರುತ್ತಿತ್ತು. ನಮ್ಮ ಪೋಸ್ಟ್‌ಮ್ಯಾನ್‌ಗಳು ಕೊಡೆ ಹಿಡಿದುಕೊಂಡು, ಒದ್ದೆಯಾದ ಸಂಕ ದಾಟಿ, ತೋಟದ ನಡುವಿನ ಮನೆಗಳಿಗೆ ಹಣ ಹೊತ್ತು ಹೋದರು. ಜೀವಮಾನವಿಡೀ ಬೇರೆಯವರ ಗದ್ದೆಯಲ್ಲಿ ದುಡಿದ ಮುದುಕಿ, ತನ್ನ ಹೆಸರಿಗೆಂದೇ ಬಂದ ಹಣವನ್ನು ಮೊದಲ ಸಲ ಎಣಿಸಿ ತೆಗೆದುಕೊಳ್ಳುವುದು ಸಣ್ಣ ಘಟನೆಯೇ? ಸ್ಥಳೀಯ ಇತಿಹಾಸ ಎಂಬ ಫಲಕ ಹಾಕುತ್ತೀರಲ್ಲ, ಇದಕ್ಕಿಂತ ಸ್ಥಳೀಯವಾದದ್ದು ಏನಿದೆ? ನಿಮ್ಮ ಚಿತ್ರಗಳಲ್ಲಿ ಮನಿಯಾರ್ಡರಿಗೆ ಒಂದು ಅಂಗುಲ ಜಾಗವಿಲ್ಲ.

ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯನ್ನು ನೋಡಿ ಬನ್ನಿ. ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ ಹುಟ್ಟಿದ್ದು ಅಲ್ಲಿ. ಬ್ಯಾಂಕಿನವರು ಅದನ್ನು ಮ್ಯೂಸಿಯಂ ಮಾಡಿದಾಗ ಮನೆಯನ್ನು ಮನೆಯಾಗಿಯೇ ಉಳಿಸಿ, ಬ್ಯಾಂಕಿನ ಕಥೆಯನ್ನೂ ನಾಣ್ಯದ ಕಥೆಯನ್ನೂ ಹೇಳಿದರು. ಬ್ಯಾಂಕು ಹುಟ್ಟಿದ ಮನೆಯಲ್ಲಿ ನಾಣ್ಯವೇ ಮುಖ್ಯವೆಂದು ಅವರಿಗೆ ತಿಳಿಯಿತು. ಅಂಚೆ ಕಚೇರಿಯಲ್ಲಿ ಅಂಚೆಗೆ ಒಂದು ಮೂಲೆ ಸಾಕೆಂದು ನಮ್ಮವರಿಗೆ ಹೇಗೆ ತೋರಿತೋ!

ಭಾಷೆಯ ವಿಷಯಕ್ಕೆ ಬರುತ್ತೇನೆ. ಕಾಸರಗೋಡು ಸಪ್ತಭಾಷೆಗಳ ನಾಡೆಂದು ಭಾಷಣದಲ್ಲಿ ಹೇಳುವವರು ಬಹಳ. ಆ ಭಾಷೆಗಳು ಒಂದೇ ಮೇಜಿನ ಮೇಲೆ ದಿನವೂ ಬಂದು ಬೀಳುತ್ತಿದ್ದದ್ದು ಅಂಚೆ ಕಚೇರಿಯಲ್ಲಿ. ಪುತ್ತೂರು, ಸುಳ್ಯದ ಕಡೆಯಿಂದ ಕನ್ನಡದ ಕಾರ್ಡುಗಳು. ತುಳುವರೂ ಕೊಂಕಣಿಯವರೂ ಬರೆದದ್ದು ಹೆಚ್ಚಾಗಿ ಕನ್ನಡ ಲಿಪಿಯಲ್ಲಿ. ತೆಂಕಣದಿಂದ ಮಲಯಾಳ. ಮುಂಬಯಿಯಿಂದ ಇಂಗ್ಲಿಷ್ ವಿಳಾಸ, ಒಳಗೆ ಯಾವ ಭಾಷೆಯೋ. ಮಾಪಿಳ್ಳೆಯವರ ಮನೆಗಳಿಗೆ ಬರುವ ಕಾಗದದಲ್ಲಿ ಅರಬಿ ಲಿಪಿಯ ಮಲಯಾಳ. ಮರಾಠಿ, ಉರ್ದು ಬಲ್ಲವರು ಬೇರೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮಲಯಾಳ ಅಕ್ಷರ ಕಲಿಸಿದ್ದು ಲಕೋಟೆಗಳು. ನನ್ನೊಡನೆ ಇದ್ದ ತಲಶ್ಶೇರಿ ಕಡೆಯ ಗುಮಾಸ್ತರು ಕನ್ನಡ ಕಲಿತದ್ದೂ ಹಾಗೆಯೇ. ವಿಳಾಸ ಎಂಬುದರಲ್ಲಿ ಮನೆ ಹೆಸರೇ ಮುಖ್ಯ. ಮನೆ ಹೆಸರು ತಪ್ಪಿದರೆ ಒಂದೇ ಹೆಸರಿನ ಐದಾರು ಮಂದಿಯಲ್ಲಿ ಯಾರಿಗೆಂದು ಅಂಗಡಿಯಲ್ಲಿ ವಿಚಾರಿಸಬೇಕು.

ಜಿಲ್ಲೆಯ ಹೆಸರಿನದ್ದು ಇನ್ನೊಂದು ಕಥೆ. 1956ರ ತನಕ ದಕ್ಷಿಣ ಕನ್ನಡ, ಆಮೇಲೆ ಎರಡು ತಿಂಗಳು ಮಲಬಾರ್, 1957ರಿಂದ ಕಣ್ಣೂರು, 1984ರ ಮೇ 24ರಿಂದ ಕಾಸರಗೋಡು. ನಾವು ಕೂತಲ್ಲೇ ಕೂತಿದ್ದೆವು, ವಿಳಾಸ ಬದಲಾಗುತ್ತ ಹೋಯಿತು. ಕೇರಳಕ್ಕೆ ಸೇರಿ ಎಷ್ಟೋ ಕಾಲವಾದ ಮೇಲೂ ‘ಕಾಸರಗೋಡು, ದ.ಕ.’ ಎಂದು ಬರೆದ ಕಾಗದಗಳು ನನ್ನ ಕೈಗೆ ಬಂದಿವೆ. ಕೆಲವರು ಅಭ್ಯಾಸದಿಂದ ಬರೆದರು, ಕೆಲವರು ಹಟದಿಂದ ಬರೆದರು. ಎರಡನ್ನೂ ನಾವು ಸರಿಯಾಗಿಯೇ ಮುಟ್ಟಿಸಿದೆವು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದ ಮೇಲೆ ಕಾಸರಗೋಡಿಗೆ 671121, ಕುಂಬಳೆಗೆ 671321, ಮಂಜೇಶ್ವರಕ್ಕೆ 671323. ಕರ್ನಾಟಕದ ಗಡಿಯಾದ ತಲಪಾಡಿ ದಾಟಿದರೆ ಮೊದಲ ಅಂಕಿ ಐದು. ಚಂದ್ರಗಿರಿಯ ಉತ್ತರಕ್ಕಿರುವ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು, ಅದು ಆಗದೆ ಉಳಿದದ್ದು ಎಲ್ಲರಿಗೂ ಗೊತ್ತು. ಆ ತಕರಾರನ್ನು ಇಲ್ಲಿ ಎಳೆಯುವುದಿಲ್ಲ. ಆದರೆ ಈ ನಾಲ್ಕು ಜಿಲ್ಲೆಯ ಹೆಸರು ಹೊತ್ತ ನಾಲ್ಕು ಲಕೋಟೆಗಳನ್ನು ಸಾಲಾಗಿ ಇಟ್ಟರೆ ಯಾವ ಭಾಷಣವೂ ಬೇಡ. ಅಂಥ ಲಕೋಟೆಗಳು ಹಳೆಯ ಮನೆಗಳ ಅಟ್ಟದಲ್ಲಿ, ಸೂಜಿ ತಂತಿಗೆ ಚುಚ್ಚಿಟ್ಟ ಕಟ್ಟುಗಳಲ್ಲಿ ಈಗಲೂ ಇವೆ. ಗೆದ್ದಲು ತಿನ್ನುವ ಮೊದಲು ಕೇಳಿ ತರಬೇಕು.

ಕೇಳಿ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಯೋಜನೆಯಲ್ಲಿ ‘ವಿಳಾಸ ಸೇರದ ಪ್ರೇಮಪತ್ರಗಳು’ ಎಂಬ ಒಂದು ವಿಭಾಗ ಕಂಡೆ. ಯುವಜನರನ್ನು ಸೆಳೆಯಲಿಕ್ಕಂತೆ. ಬಟವಾಡೆಯಾಗದ ಕಾಗದ ಕಳಿಸಿದವರಿಗೆ ಹಿಂದಿರುಗಬೇಕು, ಅವರ ವಿಳಾಸ ಹೊರಗೆ ಇಲ್ಲದಿದ್ದರೆ ಅದಕ್ಕೆಂದೇ ಇರುವ ಕಚೇರಿಗೆ ಹೋಗಬೇಕು. ನಾವು ಯಾರೂ ಇಟ್ಟುಕೊಂಡಿಲ್ಲ, ಓದಿಯೂ ಇಲ್ಲ. ಕಾರ್ಡಿನ ವಿಷಯ ಕೇಳಬೇಡಿ, ತೆರೆದ ಕಾರ್ಡು ಕಣ್ಣಿಗೆ ಬೀಳುತ್ತದೆ. ಆದರೂ ಕಂಡದ್ದನ್ನು ಕೌಂಟರಿನ ಹೊರಗೆ ಆಡಬಾರದೆಂಬುದು ಈ ಕೆಲಸದ ಮೊದಲ ಶಿಸ್ತು. ಮ್ಯೂಸಿಯಂನ ಗಾಜಿನೊಳಗೆ ಒಬ್ಬರ ಕಾಗದ ಇಡಬೇಕಾದರೆ ಅವರ, ಅವರು ಇಲ್ಲದಿದ್ದರೆ ಮನೆಯವರ, ಲಿಖಿತ ಒಪ್ಪಿಗೆ ಇರಲಿ. ಪ್ರೇಮಪತ್ರವೆಂದು ಹೊಸದಾಗಿ ಬರೆಸಿ ಚಹಾದ ನೀರಿನಲ್ಲಿ ಅದ್ದಿ ಹಳತು ಮಾಡುವ ಆಲೋಚನೆ ಇದ್ದರಂತೂ ದಯವಿಟ್ಟು ಬೇಡ.

ಕಟ್ಟಡದ ದುರಸ್ತಿಯ ಬಗ್ಗೆ ತಿಳಿದವರು ಹೇಳಲಿ, ನನ್ನದು ಎರಡೇ ಮಾತು. ಮುರಕಲ್ಲಿನ ಗೋಡೆಗೆ ಇರುವುದು ಸುಣ್ಣದ ಗಾರೆ, ಅದರ ಮೇಲೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಗೆ ಬರಲು ದಾರಿಯಿಲ್ಲದೆ ಗೋಡೆಯೇ ಹಾಳಾಗುತ್ತದೆ. ಮಾಡಿನ ಪಕ್ಕಾಸು, ರೀಪು ಬದಲಿಸುವಾಗ ಹಂಚುಗಳನ್ನು ಕೆಳಗೆ ಎಸೆಯಬೇಡಿ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚು ಮಾಡಲು ಶುರುಮಾಡಿದ ಬಾಸೆಲ್ ಮಿಶನ್ನಿನವರ ಹೆಸರು ಒತ್ತಿದ ಹಂಚುಗಳು ಅಲ್ಲಿವೆ. ಎರಡನ್ನು ಕೆಳಗಿಳಿಸಿ ಹಿಂಬದಿ ಕಾಣುವಂತೆ ಇಟ್ಟರೆ ಅವೂ ಪ್ರದರ್ಶನದ ವಸ್ತುಗಳೇ.

ಕೊನೆಗೆ ಒಂದು ಆಸೆ. ಕೌಂಟರನ್ನು ಉಳಿಸುವುದಾದರೆ ಸತ್ತ ವಸ್ತುವಾಗಿ ಉಳಿಸಬೇಡಿ. ದಿನಕ್ಕೆ ಎರಡು ಗಂಟೆಯಾದರೂ ಅಲ್ಲಿ ಕಾರ್ಡು, ಸ್ಟಾಂಪು ಮಾರಲಿ, ಹೊರಗಿನ ಕೆಂಪು ಪೆಟ್ಟಿಗೆಯನ್ನು ದಿನವೂ ತೆರೆಯಲಿ. ಪ್ರವಾಸಿ ಸ್ಥಳಗಳಿಗೂ ಚಾರಿತ್ರಿಕ ಸ್ಥಳಗಳಿಗೂ ಅಂಚೆ ಇಲಾಖೆ ಶಾಶ್ವತ ಚಿತ್ರಮುದ್ರೆ ಕೊಡುತ್ತದೆ, ಅಲ್ಲಿ ಹಾಕಿದ ಕಾಗದಕ್ಕೆ ಆ ಚಿತ್ರದ ಮೊಹರೇ ಬೀಳುತ್ತದೆ. ಅರ್ಜಿ ಹಾಕಿದರೆ ನಮಗೂ ಕೊಡಬಹುದು. ಚಿತ್ರ ಯಾವುದೆಂದು ಕೇಳಿದರೆ, ಕಡವಿನ ದೋಣಿಯಲ್ಲಿ ಚೀಲ ಇಟ್ಟುಕೊಂಡು ಕುಳಿತ ಟಪ್ಪಾಲಿನವನು ಎನ್ನುತ್ತೇನೆ. ತಂತಿ, ಅಂದರೆ ಟೆಲಿಗ್ರಾಂ, 2013ರ ಜುಲೈಯಲ್ಲಿ ನಿಂತಿತು. ನೀಲಿ ಗೆರೆಯ ಲಕೋಟೆಯ ರಿಜಿಸ್ಟರ್ಡ್ ಅಂಚೆಯೂ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿತು. ಕಾರ್ಡಾದರೂ ಇನ್ನೂ ಐವತ್ತು ಪೈಸೆಗೆ ಸಿಗುತ್ತದೆ. ಮ್ಯೂಸಿಯಂಗೆ ಬಂದ ಮಗು ತನ್ನ ಅಜ್ಜಿಗೆ ಒಂದು ಕಾರ್ಡು ಬರೆದು ಪೆಟ್ಟಿಗೆಗೆ ಹಾಕಿ, ಮೂರು ದಿನ ಬಿಟ್ಟು ಅದು ಮನೆಗೆ ಬಂದರೆ ಫೈಬರ್ ಮನುಷ್ಯನ ಜೊತೆಗಿನ ಫೋಟೊ ಯಾರಿಗೂ ನೆನಪಾಗದು.

ಫಲಕಗಳ ಬಗ್ಗೆ ಜಗಳವಾಗಬಾರದು, ಆದರೆ ಗೋಡೆಗೆ ಹಚ್ಚಿದ ಯಾವ ಚಿತ್ರದಲ್ಲೂ ಕನ್ನಡದ ಒಂದಕ್ಷರವಿಲ್ಲ. ಮಲಯಾಳ ಇದೆ, ಇಂಗ್ಲಿಷ್ ಇದೆ. ಇದು ಮರೆವೆಂದೇ ಭಾವಿಸುತ್ತೇನೆ. ಕನ್ನಡ ಅಲ್ಪಸಂಖ್ಯಾತರ ಪ್ರದೇಶದಲ್ಲಿ, ಕನ್ನಡದ ಕಾಗದಗಳನ್ನು ಇಷ್ಟು ಕಾಲ ಹಂಚಿದ ಕಟ್ಟಡದಲ್ಲಿ, ಕನ್ನಡದ ಫಲಕವನ್ನು ಬೇಡಿ ಪಡೆಯುವಂತಾಗಬಾರದು.

ಮೇಲಿನ ಎಲ್ಲವನ್ನೂ ಯೋಜನೆಯ ಹೊಣೆ ಹೊತ್ತ ಕಚೇರಿಗೆ ಕನ್ನಡದಲ್ಲೇ ಬರೆದು ಕಳಿಸಿದ್ದೇನೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ಈ ಪ್ರದೇಶದ ಕನ್ನಡಿಗರು ಸರ್ಕಾರದ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅವರಿಗೆ ತೊಂದರೆಯಾಗದಿರಲೆಂದು ಸ್ವಂತ ವಿಳಾಸ ಬರೆದ ಲಕೋಟೆಗೆ ಐದು ರೂಪಾಯಿಯ ಸ್ಟಾಂಪು ಹಚ್ಚಿ ಒಳಗೆ ಇಟ್ಟಿದ್ದೇನೆ. ಉತ್ತರ ಇಪ್ಪತ್ತು ಗ್ರಾಂ ಮೀರಿ, ಸ್ಟಾಂಪು ಸಾಲದೆ ಬೇರಿಂಗ್ ಆದರೂ ಚಿಂತೆಯಿಲ್ಲ, ದಂಡ ಕೊಟ್ಟು ಬಿಡಿಸಿಕೊಳ್ಳುತ್ತೇನೆ.

ಇತಿ,
ನಿವೃತ್ತ ಉಪ ಅಂಚೆಪಾಲಕಿ
ಕಾಸರಗೋಡು ತಾಲೂಕು